ಬುಟ್ಟಿಗೆ ಕೈ ಹಚ್ಚುವವರು

ಕುಮಟಾ
೧೧ ಆಗಸ್ಟ್ ೨೦೨೫

ಸುಚಿತಾ,

ಲಕೋಟೆಯ ಮೇಲೆ ಹಳೆಯ ಗೆಳತಿಯ ಅಕ್ಷರ ನೋಡಿಯೇ ನೀನು ಇದನ್ನು ಒಲೆಗೆ ಹಾಕಬಹುದು. ಹಾಕುವ ಮೊದಲು ಒಮ್ಮೆ ಓದು. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ, ಮಾಡು. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದಾಗದು.

ನಾನೀಗ ಕುಮಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪಾಠಕ್ಕಿಂತ ಹೆಚ್ಚು ಹೊತ್ತು ಪ್ರಯೋಗಾಲಯದಲ್ಲಿರುತ್ತೇನೆ. ಅಲ್ಲಿ ನಮ್ಮ ಹತ್ತಿರ ಒಂದು ಗಾಜಿನ ಎಳೆ ಇದೆ, ತಲೆಗೂದಲಿನಷ್ಟು ತೆಳು. ಇಂಟರ್‌ನೆಟ್ ತರುವ ಕೇಬಲ್ಲಿನೊಳಗೆ ಇರುತ್ತದಲ್ಲ, ಅದೇ ಜಾತಿಯದು. ಅದರ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಪೊರೆ. ಈಚೆಯಿಂದ ಬಿಟ್ಟ ಬೆಳಕು ಆ ಪೊರೆಗೆ ಬಡಿದು ವಾಪಸು ಬರುತ್ತದೆ. ಪೊರೆಯನ್ನು ಯಾವುದಾದರೂ ಒತ್ತಿದರೆ ವಾಪಸು ಬರುವ ಬೆಳಕು ಚೂರು ಬದಲಾಗುತ್ತದೆ. ಆ ಚೂರನ್ನು ಓದಿದರೆ ಮೈಯೊಳಗಿನ ಒತ್ತಡ ಎಷ್ಟು ಅಂತ ಗೊತ್ತಾಗುತ್ತದೆ! ಮೈಯೊಳಗೆ ಕರೆಂಟಿಲ್ಲ, ಲೋಹವಿಲ್ಲ, ಬರೀ ಬೆಳಕು. ದೊಡ್ಡ ಆಸ್ಪತ್ರೆಗಳಲ್ಲಿ ತಲೆಬುರುಡೆಯೊಳಗೆ, ಹೃದಯದ ನಾಳದೊಳಗೆ ಇಂಥದ್ದನ್ನು ಬಿಡುತ್ತಾರೆ. ನಾವು ಮೆತ್ತನೆಯ ಸಿಲಿಕೋನ್ ಹೊದಿಸಿ, ಹೆಂಗಸರು ಯೋನಿಯೊಳಗೆ ಇಟ್ಟುಕೊಂಡು ನಡೆದಾಡುವಂತೆ ಮಾಡಿದ್ದೇವೆ. ಸೊಂಟಕ್ಕೊಂದು ಪುಟ್ಟ ಪೆಟ್ಟಿಗೆ. ಅಷ್ಟೇ.

ಯಾಕೆ ಅಂದರೆ, ಹೊನ್ನಾವರದ ಡಾ. ಚಂದನಾ ನನ್ನೆದುರು ಮೇಜು ಕುಟ್ಟಿ ಹೇಳಿದರು: ಗರ್ಭಕೋಶ ಜಾರಿದ ಹೆಂಗಸರು ಕರಾವಳಿಯಿಂದ ಬರುತ್ತಲೇ ಇದ್ದಾರೆ, ಅದೂ ಪೂರ್ತಿ ಕೈಮೀರಿದ ಮೇಲೆ. ಅವರಲ್ಲಿ ತಲೆಹೊರೆಯವರೇ ಜಾಸ್ತಿ. ಹೊರೆ ಎತ್ತಿ ಇಳಿಸುವಾಗ ಒಳಗೆ ಏನಾಗುತ್ತದೆಂದು ನಿಜವಾದ ಬುಟ್ಟಿ, ನಿಜವಾದ ದಾರಿಯಲ್ಲಿ ನಮ್ಮ ಕಡೆ ಯಾರೂ ಅಳೆದಿಲ್ಲ. ನನಗೆ ಅಳೆಯಬೇಕು. ನಿನ್ನ ಸಂಘದ ಮೀನು ಮಾರುವ ಹೆಂಗಸರು ಒಪ್ಪಬೇಕು.

ನನ್ನ ಮೇಲಿನ ಸಿಟ್ಟು ಬೇರೆ ಇಡು. ಇದನ್ನು ಬೇರೆ ನೋಡು.

ಶಾಂಭವಿ


ತೆಂಗಿನಗುಂಡಿ
೧೭ ಆಗಸ್ಟ್

ಶಾಂಭವಿ,

ಗಾಜಿನಲ್ಲೂ ನಿನಗೆ ಜಾತಿ ಕಂಡಿತಲ್ಲ, ಭೇಷ್.

ನಿನ್ನ ಕಾಗದವನ್ನು ನಾನು ಒಬ್ಬಳೇ ಓದಲಿಲ್ಲ. ಸಂಘಕ್ಕೆ ಬಂದ ಕಾಗದವನ್ನು ಬೋಟು ಕಟ್ಟುವ ದಕ್ಕೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕೆನ್ನುವುದು ನಮ್ಮ ಕಟ್ಟಳೆ. ಫೋನಿನ ಮಾತು ಒಬ್ಬರ ಕಿವಿಗೆ, ಕಾಗದ ಎಲ್ಲರ ಕಿವಿಗೆ. ಆದ್ದರಿಂದ ಬೋಟು ಖಾಲಿಯಾಗಿ, ಬಂಗಡೆ ಹರಾಜು ಮುಗಿದು, ಎಲ್ಲರೂ ಐಸು ತುಂಬಿಕೊಳ್ಳುತ್ತಿದ್ದಾಗ ಓದಿದೆ. "ಯೋನಿ" ಅಂದದ್ದೇ ಗಂಡಸರೆಲ್ಲ ಬಲೆ ನೋಡುವ ನೆವದಲ್ಲಿ ಎದ್ದು ಹೋದರು. ನನ್ನಪ್ಪ ದಾಸನಿಗೆ ಬಲೆ ಸಿಗಲಿಲ್ಲ, ಸಮುದ್ರ ನೋಡುತ್ತ ನಿಂತ.

ಲಕ್ಕಿ ಕೇಳಿದಳು: "ಎಂತ, ಗಾಜಾ? ಅಲ್ಲಿಗಾ? ಆ ಕಾಯ್ಕಿಣಿ ತೋಟದವರ ಹೆಣ್ಣಿಗೆ ಮರುಳಾ?" ಇನ್ನೊಬ್ಬಳು, "ಮೊದ್ಲು ನನ್ನ ಗಂಡನ ತಲೆ ಒಳಗೆ ಬಿಟ್ಟು ನೋಡೂಕೆ ಹೇಳೇ. ಒಳಗೆ ಎಂತಾದ್ರೂ ಇದ್ಯಾ ಅಂತ ಗೊತ್ತಾಗ್ಲಿ" ಅಂದಳು. ನಕ್ಕಿದ್ದೇ ನಕ್ಕಿದ್ದು.

ನಾನು ನಗಲಿಲ್ಲ. ನಮ್ಮ ದಕ್ಕೆಗೆ ಅಳೆಯುವವರು ಬಂದದ್ದು ಇದೇ ಮೊದಲಲ್ಲ. ಒಬ್ಬರು ನಮ್ಮ ರಕ್ತ ತಗೊಂಡು ಹೋದರು, ಒಬ್ಬರು ನಮ್ಮ ಹಾಡು ತಗೊಂಡು ಹೋದರು. ತಿರುಗಿ ಬಂದು "ಇಗಾ, ನಿಮ್ಮ ವಿಷಯ ಇಷ್ಟು ಗೊತ್ತಾಯಿತು" ಅಂದವನು ಒಬ್ಬನಿಲ್ಲ. ನಾವು ಇಲಿಗಳಲ್ಲ. ಬರುವುದಾದರೆ ಹೀಗೆ ಬಾ: ಒಳಗೆ ಇಡುವವರು ಹೆಂಗಸು ಡಾಕ್ಟರೇ ಆಗಬೇಕು, ಬೇಡ ಅನ್ನಿಸಿದ ಕ್ಷಣ ತೆಗೆಯಬೇಕು, ಸಿಕ್ಕಿದ್ದನ್ನು ನಿನ್ನ ಸಾಹೇಬರಿಗಿಂತ ಮೊದಲು ನಮಗೆ ಹೇಳಬೇಕು, ಕನ್ನಡದಲ್ಲಿ, ಕಾಗದದಲ್ಲಿ. ನಮ್ಮನ್ನು "ಸ್ಯಾಂಪಲ್" ಅಂದವರ ಮೇಲೆ ಮೀನಿನ ನೀರು ಬೀಳುತ್ತದೆ.

ಇನ್ನು ಮುಂದಿನದು ನಿನ್ನೊಬ್ಬಳಿಗೆ. ಜನ ಚದುರಿದ ಮೇಲೆ ಅಮ್ಮ ನನ್ನ ಪಕ್ಕ ಬಂದು ಕೂತಳು. "ಇನ್ನೊಂದ್ಸಲ ಓದೇ. ಮೆಲ್ಲಗೆ." ಓದಿದೆ. "ನಂಗೆ ಮೂರು ವರ್ಷ ಆತು" ಅಂದಳು. ಶಾಂಭವಿ, ಮೂರು ವರ್ಷದಿಂದ ಬಟ್ಟೆ ಬಿಗಿದು ಕಟ್ಟಿಕೊಂಡು ಅವಳು ಊರು ಸುತ್ತಿ ಮೀನು ಮಾರುತ್ತಿದ್ದಾಳೆ. ಅವಳ ಹೆಸರಲ್ಲೇ ಸಂಘದ ಬೋರ್ಡು ಬರೆಸಿದ ನನಗೆ ಗೊತ್ತಿರಲಿಲ್ಲ! ಕದ್ದು ಒಬ್ಬ ಡಾಕ್ಟರಿಗೆ ತೋರಿಸಿದಳಂತೆ. ಅವನು ಅವಳ ಮುಖವನ್ನೂ ನೋಡದೆ, "ಬುಟ್ಟಿ ಬಿಡು, ಇಲ್ಲದಿದ್ರೆ ಆಪರೇಶನ್ ಮಾಡಿದ್ರೂ ಮತ್ತೆ ಜಾರ್ತದೆ" ಅಂದನಂತೆ. "ಬುಟ್ಟಿ ಬಿಟ್ರೆ ನಾನು ಯಾರೇ? ಮೂಲೇಲಿ ಕೂತು ಅನ್ನ ಕಾಯೂ ಮುದ್ಕಿಯಾ?" ಅಂತ ನನ್ನನ್ನು ಕೇಳಿದಳು.

ನನಗೆ ಬೇಕಾದದ್ದು ಒಂದೇ ಉತ್ತರ. ಅಮ್ಮ ಬುಟ್ಟಿ ಬಿಡಲೇಬೇಕಾ? ನಿನ್ನ ಗಾಜು ಅದನ್ನು ಹೇಳುವುದಾದರೆ ಬಾ.

ಸುಚಿತಾ ಮೊಗೇರ


ಕುಮಟಾ
೨೨ ಆಗಸ್ಟ್

ದಕ್ಕೆಯ ಎಲ್ಲರಿಗೂ, ಲಕ್ಕಕ್ಕನಿಗೆ ವಿಶೇಷವಾಗಿ,

ಮರುಳು ಹೌದು. ಅದಕ್ಕೇ ಈ ಕೆಲಸ ಹಿಡಿದದ್ದು. ಗಾಜು ಒಡೆಯುವುದಿಲ್ಲ. ಅದನ್ನು ಬೆರಳಿಗೆ ಉಂಗುರದಂತೆ ಸುತ್ತಿ ತೋರಿಸುತ್ತೇನೆ, ನೀವೇ ಎಳೆದು ನೋಡಿ. ನಿಮ್ಮ ಮಾತುಗಳೆಲ್ಲ ಒಪ್ಪಿಗೆ. ಯೋಜನೆಯ ಮುಖ್ಯಸ್ಥರು ಅನಂತಮೂರ್ತಿ ಸರ್. "ಮೊದಲು ಅವರಿಗೆ ಹೇಳಬೇಕಾ? ಇದು ಯಾವ ಪದ್ಧತಿ?" ಅಂದರು. "ಮೈ ಅವರದ್ದು ಸರ್" ಅಂದೆ. ಕನ್ನಡಕ ಒರೆಸಿಕೊಂಡರು. ಒಪ್ಪಿದರು ಅಂತಲೇ ನಾನು ತಿಳಿದೆ.

ಸೆಪ್ಟೆಂಬರಿನಲ್ಲಿ ಚಂದನಾ ಮೇಡಂ ಜೊತೆ ನಿಮ್ಮ ಆರೋಗ್ಯ ಉಪಕೇಂದ್ರಕ್ಕೆ ಬರುತ್ತೇವೆ. ದಕ್ಕೆಯಲ್ಲಿ ಬುಟ್ಟಿ ಎತ್ತಿ, ಇಳಿಸಿ ತೋರಿಸಿದರೆ ಸಾಕು. ಮನೆ ಮನೆಗೆ ಮಾರುವ ದಿನದ ಸುತ್ತಿಗೂ ಅದನ್ನು ಇಟ್ಟುಕೊಂಡೇ ಹೋಗುವವರು ಒಬ್ಬರಿದ್ದರೆ ಇನ್ನೂ ಒಳ್ಳೆಯದು.

ಬರುವ ಖುಷಿಯಲ್ಲಿ,
ಶಾಂಭವಿ

(ಸುಚಿತಾ, ಈ ಚೀಟಿ ನಿನಗೆ. ನಿನ್ನ ಪ್ರಶ್ನೆ ನನ್ನ ಮೇಜಿನ ಮೇಲೆ ಬರೆದಿಟ್ಟಿದ್ದೇನೆ. ಬೇರೇನೂ ಬರೆದಿಲ್ಲ ಅಲ್ಲಿ.)


ತೆಂಗಿನಗುಂಡಿ
೧೪ ಸೆಪ್ಟೆಂಬರ್

ಶಾಂಭವಿ,

ನೀವು ವ್ಯಾನು ಹತ್ತಿ ಹೋದ ಮೇಲೂ ದಕ್ಕೆ ತಣ್ಣಗಾಗಿಲ್ಲ. ಉಪಕೇಂದ್ರದೊಳಗೆ ನೀನು ತಂತಿ ಬಿಡಿಸುತ್ತಿದ್ದಾಗ ಹೊರಗೆ ನಡೆದದ್ದು ನಿನಗೆ ಗೊತ್ತಿಲ್ಲವಲ್ಲ, ಕೇಳು. ಎಲ್ಲರೂ ಸೆರಗು ಕಚ್ಚಿಕೊಂಡು "ನೀ ಹೋಗೇ", "ನೀ ಮೊದ್ಲು ಹೋಗೇ" ಅಂತ ದೂಡಾಡುತ್ತಿದ್ದರು. ಅಮ್ಮ ಬುಟ್ಟಿಯಡಿ ತಲೆಗೆ ಇಡುವ ಸಿಂಬೆಯನ್ನು ಕೈಗೆ ಸುತ್ತಿಕೊಂಡು ನಡುವೆ ಬಂದು ನಿಂತಳು. "ನಂಗೆ ಮೈ ಕೆಳಗೆ ಇಳ್ದದೆ. ಮೂರು ವರ್ಷ ಆತು. ನಾನು ಹೋಗ್ತೆ. ನಿಮ್ಗೆ ಯಾರಿಗೂ ಎಂತ ಇಲ್ದಿದ್ರೆ ಮನೆಗೆ ಹೋಗಿ ಸಾರು ಮಾಡಿ" ಅಂದಳು.

ಆಮೇಲೆ ಲಕ್ಕಿ. ಇಡೀ ದಕ್ಕೆಗೆ ಬಾಯಿಯಾದ ಲಕ್ಕಿ, ಬಾಯಿಗೆ ಸೆರಗು ಒತ್ತಿಕೊಂಡು, "ನಂಗೂ ಮಾರಾಯ್ತಿ" ಅಂದಳು. ಆಮೇಲೆ ಒಬ್ಬೊಬ್ಬರೇ. ಇಷ್ಟು ವರ್ಷ ಘೋಷಣೆ ಕೂಗಿಸಿದ್ದೇನೆ, ಇಂಥ ದನಿ ನಾನು ಕೇಳಿರಲಿಲ್ಲ.

ಇನ್ನು ಅಳೆಯುವಾಗಿನ ಗಲಾಟೆ ನೀನೇ ನೋಡಿದ್ದೀ. ತನ್ನ ಬುಟ್ಟಿಯೇ ಭಾರ ಅಂತ ತೋರಿಸಲು ಲಕ್ಕಿ ಐಸಿನ ಗಡ್ಡೆ ತುರುಕಿದ್ದು, ಅದನ್ನು ಕಂಡು ಪಕ್ಕದವಳು ಒಂದು ದೊಡ್ಡ ಇಸ್ವಾಣ ಮೀನನ್ನೇ ಹಾಕಿಕೊಂಡದ್ದು, "ಅವ್ಳಿಗಿಂತ ನಂಗೆ ಜಾಸ್ತಿ ಬಂತಾ ಶಾಂಭವೀ?" ಅಂತ ನಿನ್ನ ಪೆಟ್ಟಿಗೆಗೆ ಬಗ್ಗಿ ಕೇಳಿದ್ದು! ನೋವಿನಲ್ಲೂ ಪಂದ್ಯ ಕಟ್ಟುವ ಜನ ನಾವು.

ಅಮ್ಮ ಅದನ್ನು ಇಟ್ಟುಕೊಂಡೇ ಭಟ್ಕಳದ ಸುತ್ತಿಗೆ ಹೋಗಿ ಬಂದಳು. "ಇದ್ದದ್ದೇ ಗೊತ್ತಾಗ್ಲಿಲ್ಲ" ಅಂದಳು. ಬೇಗ ಬರೆ. ದಿನಾ ಅಂಚೆಯವನ ಸೈಕಲ್ ಕಾಯುವ ಹಾಗೆ ಮಾಡಿದ್ದೀ.

ಸುಚಿತಾ


ಕುಮಟಾ
೨೯ ಸೆಪ್ಟೆಂಬರ್

ಸುಚಿತಾ,

ಮೊದಲ ಫಲಿತಾಂಶ ನನಗೇ ಅರ್ಥವಾಗುತ್ತಿಲ್ಲ. ಓದಿ ಹೇಳುತ್ತೇನೆಂದು ಮಾತು ಕೊಟ್ಟದ್ದಕ್ಕೆ, ಅರ್ಥವಾಗಿಲ್ಲ ಅನ್ನುವುದನ್ನೂ ನಿಮಗೇ ಮೊದಲು ಬರೆಯುತ್ತಿದ್ದೇನೆ.

ದಕ್ಕೆಯಲ್ಲಿ ನೀವೆಲ್ಲ ಬುಟ್ಟಿ ಎತ್ತಿದ್ದು, ಇಳಿಸಿದ್ದು: ಏನೂ ಇಲ್ಲ! ಐಸಿನ ಗಡ್ಡೆ ತುರುಕಿದ ಲಕ್ಕಕ್ಕನಿಗೂ ಒತ್ತಡದ ಗೆರೆ ಸಣ್ಣಗೆ ಏರಿ ಇಳಿದಿದೆ. ಒಂದು ಕೆಮ್ಮಿನಷ್ಟೂ ಇಲ್ಲ. ತಲೆಯ ಮೇಲೆ ಹೊತ್ತು ನಡೆದದ್ದೂ ಸಮ. ಆದರೆ ನಿನ್ನಮ್ಮ ತಿಮ್ಮಕ್ಕನ ಸುತ್ತು ಇದೆಯಲ್ಲ, ಅದರಲ್ಲಿ ಮೊಳೆ ಹೊಡೆದ ಹಾಗೆ ಚೂಪು ಏರಿಕೆಗಳು ಎದ್ದಿವೆ. ಒಂದಲ್ಲ ಎರಡಲ್ಲ. ಎದ್ದಲ್ಲೆಲ್ಲ ಜೋಡಿ: ಒಂದು ದೊಡ್ಡದು, ಸ್ವಲ್ಪ ಹೊತ್ತಿನಲ್ಲೇ ಅದಕ್ಕಿಂತ ದೊಡ್ಡದು. ನಡುವೆ ಒಂದೇ ಒಂದು ಕಡೆ ನಿಂತಿದ್ದಾಳೆ, ಅಲ್ಲಿ ಮಾತ್ರ ಮೊಳೆಯಿಲ್ಲ.

ಅನಂತಮೂರ್ತಿ ಸರ್ ನೋಡಿದ ಕೂಡಲೇ, "ಬಿಸಿಲಲ್ಲಿ ನಡೆದ ಹೆಂಗಸು. ಮೈ ಬಿಸಿಯಾಗಿದೆ. ನಿಮ್ಮ ಗಾಜು ಶಾಖವನ್ನು ಒತ್ತಡ ಅಂತ ಓದಿದೆ. ಅಥವಾ ಎಳೆ ಬಾಗಿದೆ. ಅಳಿಸಿ" ಅಂದರು. ಹಾಗಾಗುವುದುಂಟು, ಅವರು ಸುಳ್ಳು ಹೇಳುತ್ತಿಲ್ಲ. ಅದಕ್ಕೇ ಮೂರು ದಿನ ಅದನ್ನು ಬಿಸಿನೀರಿನಲ್ಲಿ ಅದ್ದಿದೆ, ಬಾಗಿಸಿದೆ, ತಿರುಚಿದೆ. ಶಾಖದ ಗೆರೆ ಗುಡ್ಡದಂತೆ ನಿಧಾನ ಏರುತ್ತದೆ. ಇದು ಗುಡ್ಡವಲ್ಲ. ಗಾಜು ಸರಿ ಇದೆ ಸುಚಿತಾ, ನಾನು ಪ್ರಮಾಣ ಮಾಡಿ ಹೇಳಬಲ್ಲೆ!

ಸರ್ ಬರೆದಿಟ್ಟ ವಾಕ್ಯ ಇದು: "ತಲೆಹೊರೆಯಿಂದ ಒಳಗಿನ ಒತ್ತಡದಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಂಡುಬಂದಿಲ್ಲ." ಇದು ಅಚ್ಚಾದರೆ, ತಪ್ಪೆಲ್ಲ ನಿಮ್ಮ ಹೆರಿಗೆಯದ್ದು, ನಿಮ್ಮ ವಯಸ್ಸಿನದ್ದು ಅಂತಾಗುತ್ತದೆ. ತಿಮ್ಮಕ್ಕನಿಗೆ ಉತ್ತರವೇ ಸಿಗದೆ ಹೋಗುತ್ತದೆ.

ಅವಳು ಆ ಜಾಗಗಳಲ್ಲಿ ಏನು ಮಾಡುತ್ತಾಳೆ? ನೀನು ಒಂದು ದಿನ ಜೊತೆಗೆ ನಡೆ. ಪೆಟ್ಟಿಗೆಯನ್ನು ಮತ್ತೆ ಕಳಿಸಿದ್ದೇನೆ, ಚಂದನಾ ಮೇಡಂ ಬಂದು ಎಳೆ ಇಟ್ಟುಕೊಡುತ್ತಾರೆ. ಪೆಟ್ಟಿಗೆಯ ಪಕ್ಕದಲ್ಲಿ ಹಸಿರು ಗುಂಡಿ ಇದೆ. ಅವಳು ಏನಾದರೂ ಮಾಡಿದಾಗಲೆಲ್ಲ ಒತ್ತು.

ಕಾತರದಲ್ಲಿ,
ಶಾಂಭವಿ


ತೆಂಗಿನಗುಂಡಿ
೬ ಅಕ್ಟೋಬರ್

ಶಾಂಭವೀ!

ಸಿಕ್ಕಿತು! ಪೆಟ್ಟಿಗೆ ನಿನ್ನ ಕೈ ಸೇರುವ ಮೊದಲೇ ಹೇಳುತ್ತೇನೆ, ನಿನ್ನ ಗೆರೆ ನೋಡಬೇಕಾಗಿಲ್ಲ ನನಗೆ, ನಾನು ಕಣ್ಣಾರೆ ಕಂಡೆ.

ನೀನು ದಕ್ಕೆಯಲ್ಲಿ ಅಳೆದದ್ದೇ ತಪ್ಪು. ನಾನೂ ಪಕ್ಕದಲ್ಲೇ ನಿಂತು ಆ ತಪ್ಪು ಮಾಡಿದೆ. ದಕ್ಕೆಯಲ್ಲಿ ಹೆಂಗಸು ಒಬ್ಬಳೇ ಬುಟ್ಟಿ ಎತ್ತುವುದುಂಟಾ? ಯಾರು ಹತ್ತಿರ ಇದ್ದರೋ ಅವರು ಕೈ ಹಚ್ಚಲೇಬೇಕು. ಮಾತು ಬಿಟ್ಟವರೂ ಹಚ್ಚುತ್ತಾರೆ. ಗಡಿಯ ಜಗಳದಲ್ಲಿ ಕೋರ್ಟು ಹತ್ತಿದ ಓರಗಿತ್ತಿಯರು ಬುಟ್ಟಿಗೆ ಕೈ ಹಚ್ಚಿ, ಮತ್ತೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹೊರಗಿನಿಂದ ಬಂದ ನೀನು "ಎತ್ತಿ ತೋರಿಸಿ" ಅಂದಾಗಲೂ ನಮ್ಮ ಕೈ ತನ್ನಷ್ಟಕ್ಕೆ ಹೋಗಿತ್ತು. ಅದು ನಮಗೆ ಉಸಿರಾಡಿದ ಹಾಗೆ, ಕಾಣುವುದೇ ಇಲ್ಲ. ನೀನು ಅಳೆದದ್ದು ಒಬ್ಬಳ ಹೊಟ್ಟೆಯನ್ನಲ್ಲ, ನಾಲ್ಕು ಜನರ ತೋಳನ್ನು!

ಈಗ ಸುತ್ತಿನ ಕತೆ ಕೇಳು. ಹೆದ್ದಾರಿಯಾಚೆಯ ಹೊಸ ಬಡಾವಣೆ. ಮೊದಲ ಮನೆ. "ತಿಮ್ಮೀ, ಎಂತ ತಂದಿದ್ದೀ ಇವತ್ತು?" "ಬಂಗಡೆ ಅಮ್ಮ, ಜೀವ ಇದ್ದ ಹಾಂಗೆ ಇದ್ದು." "ಅಲ್ಲೇ, ಗೇಟಿನ ಹೊರಗೇ ಇಳ್ಸು. ಟೈಲ್ಸಿಗೆ ನೀರು ಬೀಳ್ತದೆ." ಅಮ್ಮ ಉಸಿರು ಕಟ್ಟಿ, ಕತ್ತು ಗಟ್ಟಿ ಮಾಡಿ, ಕುಕ್ಕರುಗಾಲಿನಲ್ಲಿ ಒಬ್ಬಳೇ ಇಳಿಸಿದಳು. ನಾನು ಕೈ ಹಚ್ಚಲು ಹೋದರೆ, "ಬೇಡ, ನೀ ದಿನಾ ಬತ್ಯಾ?" ಅಂತ ಗದರಿದಳು. ಗುಂಡಿ ಒತ್ತಿದೆ. ಮೀನು ಆರಿಸಿದ್ದಾಯಿತು, ಚೌಕಾಶಿಯಾಯಿತು. ಮತ್ತೆ ಎತ್ತಬೇಕು. ನೆಲದಿಂದ ಮಂಡಿಗೆ, ಮಂಡಿಯಿಂದ ಎದೆಗೆ, ಎದೆಯಿಂದ ತಲೆಗೆ. ಮುಖ ಕಪ್ಪಿಟ್ಟಿತು. ಆ ಮನೆಯೊಡತಿ ತಟ್ಟೆ ಹಿಡಿದುಕೊಂಡು ನೋಡುತ್ತ ನಿಂತಿದ್ದಳು. ಗುಂಡಿ ಒತ್ತಿದೆ. ನಿನ್ನ ಎರಡನೇ ಮೊಳೆ ಇದು!

ಬಾಗಿಲಿಂದ ಬಾಗಿಲಿಗೆ ಇದೇ. ಒಂದು ಮನೆಯಲ್ಲಿ ದಿನಕರ ಅಂತ ಬ್ಯಾಂಕಿನ ಆಫೀಸರ. ಜಗಲಿಯಲ್ಲಿ ಬನಿಯನ್ ಹಾಕಿಕೊಂಡು ಕಬ್ಬಿಣದ ಗುಂಡು ಎತ್ತುತ್ತಿದ್ದ. ತೋಳು ಬೆಳೆಯಲಿ ಅಂತ. ಅವನೆದುರೇ, ನಾಲ್ಕು ಹೆಜ್ಜೆ ಆಚೆ, ನನ್ನ ಅಮ್ಮ ಬುಟ್ಟಿ ಎತ್ತಲು ಒದ್ದಾಡಿದಳು. ಅವನು ಗುಂಡು ಇಳಿಸಿ, ಬೆವರು ಒರೆಸಿಕೊಂಡು, "ಶೆಟ್ಲಿ ಇದ್ರೆ ನಾಳೆ ತಾ" ಅಂದ. ಸಿಗಡಿ ಬೇಕಂತೆ ಅವನಿಗೆ. ಮೀನು ಅವರ ಹೊಟ್ಟೆಗೆ ಆಗುತ್ತದೆ, ಬುಟ್ಟಿ ಅವರ ಕೈಗೆ ಆಗುವುದಿಲ್ಲ. ವಾಸನೆ ಅನ್ನುತ್ತಾರೆ. ವಾಸನೆಯಲ್ಲ, ನನಗೆ ಗೊತ್ತಿದೆ ಅದು ಏನೆಂದು. ನಿನಗೂ ಗೊತ್ತಿದೆ. ನಿನ್ನ ಮದುವೆಯ ಕರೆಯೋಲೆ ನನ್ನ ಮನೆಗೆ ಬರದೆ ಉಳಿದದ್ದಕ್ಕೂ ಅದಕ್ಕೂ ಒಂದೇ ಹೆಸರು. ಇಲ್ಲಿಗೆ ಬಿಡುತ್ತೇನೆ.

ಮೊಳೆ ಇಲ್ಲದ ಆ ಒಂದು ಜಾಗ ಯಾವುದು ಗೊತ್ತಾ? ಪೇಟೆಯೊಳಗಿನ ಓಣಿಯಲ್ಲಿ ಒಬ್ಬಳು ನವಾಯತ ಮುಸಲ್ಮಾನರ ಅಜ್ಜಿ. ಬೆಲೆಯಲ್ಲಿ ಒಂದು ಕಾಸು ಬಿಡುವವಳಲ್ಲ. ಅವಳು ತನ್ನ ನವಾಯತಿ ಭಾಷೆಯಲ್ಲಿ ಬಯ್ಯುತ್ತಾಳೆ, ಅಮ್ಮ ಕನ್ನಡದಲ್ಲಿ ಬಯ್ಯುತ್ತಾಳೆ, ಇಬ್ಬರಿಗೂ ಅಕ್ಷರ ಅಕ್ಷರ ಅರ್ಥವಾಗುತ್ತದೆ. ಆದರೆ ಪರದೆ ಸರಿಸಿ ಬಂದು ಬುಟ್ಟಿಗೆ ಕೈ ಹಚ್ಚುತ್ತಾಳೆ. ಇಳಿಸುವಾಗಲೂ, ಎತ್ತುವಾಗಲೂ.

ಮೈಯೊಳಗೆ ಹೋದ ನಿನ್ನ ಬೆಳಕು ಊರಿನ ಬಾಗಿಲುಗಳನ್ನೆಲ್ಲ ಎಣಿಸಿ ಬಂದಿದೆ ಕಣೇ! ನಿನ್ನ ಸಾಹೇಬ ಅದನ್ನು ಅಳಿಸಿದರೆ ನಾವು ಬುಟ್ಟಿ ಸಮೇತ ಕುಮಟೆಗೆ ಬರುತ್ತೇವೆ.

ಸುಚಿತಾ


ಕುಮಟಾ
೧೫ ಅಕ್ಟೋಬರ್

ಸುಚಿತಾ,

ಕೂತಿದೆ! ನೀನು ಗುಂಡಿ ಒತ್ತಿದ ಗುರುತುಗಳನ್ನು ಗೆರೆಯ ಮೇಲೆ ಇಟ್ಟೆ. ಒಂದೊಂದೂ ಮೊಳೆಯ ತಲೆಯ ಮೇಲೇ ಕೂತಿತು. ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಕುಣಿದೆ. ಕಸ ಗುಡಿಸುವ ಹೆಂಗಸು ಒಳಗೆ ಬಂದವಳು ಹಾಗೇ ವಾಪಸು ಹೋದಳು.

ಅನಂತಮೂರ್ತಿ ಸರ್ ಹತ್ತಿರ ಹೋಗಿ ಎರಡೂ ಗೆರೆ ಹರಡಿದೆ. "ಈ ಮೊಳೆಗಳನ್ನು ಅಳಿಸಿದ ವರದಿಗೆ ನನ್ನ ಸಹಿ ಇಲ್ಲ ಸರ್." ಬಹಳ ಹೊತ್ತು ನೋಡಿದರು. "ಹಾಗಾದರೆ ನಾವು ಅಳೆದದ್ದು ಶರೀರವನ್ನೋ, ಸಮಾಜವನ್ನೋ?" ಅಂತ ಕೇಳಿದರು. ವ್ಯಂಗ್ಯವೋ ನಿಜವೋ ತಿಳಿಯಲಿಲ್ಲ. ಆದರೆ ಏರಿಕೆ ಕಂಡುಬಂದಿಲ್ಲ ಅಂತ ಬರೆದಿದ್ದ ಆ ವಾಕ್ಯದ ಮೇಲೆ ತಾವೇ ಗೀಟು ಎಳೆದರು.

ಮುಖ್ಯವಾದದ್ದು ಈಗ. ಚಂದನಾ ಮೇಡಂ ತಿಮ್ಮಕ್ಕನನ್ನು ಪರೀಕ್ಷಿಸಿ, ಗೆರೆಯನ್ನೂ ನೋಡಿ ಹೇಳಿದ್ದು: ಇಷ್ಟಕ್ಕೇ ಗರ್ಭಕೋಶ ತೆಗೆಯಬೇಕಾಗಿಲ್ಲ. ಒಳಗೆ ಆಧಾರಕ್ಕೆ ರಬ್ಬರಿನ ಬಳೆಯೊಂದು ಕೂರಿಸುತ್ತಾರೆ, ಬುಟ್ಟಿ ಸ್ವಲ್ಪ ಹಗುರ ಮಾಡಿಕೊಳ್ಳಬೇಕು. ಹೊತ್ತು ನಡೆಯುವುದಕ್ಕೆ ಅಡ್ಡಿಯಿಲ್ಲ. ಒಬ್ಬಳೇ ಎತ್ತುವುದು, ಒಬ್ಬಳೇ ಇಳಿಸುವುದು ಮಾತ್ರ ನಿಲ್ಲಲೇಬೇಕು. ಅದು ನಿಲ್ಲದಿದ್ದರೆ ಬಳೆಯೂ ಜಾರುತ್ತದೆ, ಆಗ ಬುಟ್ಟಿ ಬಿಡದೆ ಗತಿಯಿಲ್ಲ. ಇದೇ ನಿನ್ನ ಪ್ರಶ್ನೆಗೆ ಉತ್ತರ. ಅರ್ಧ ನನ್ನ ಗಾಜು ಹೇಳಿತು. ಉಳಿದರ್ಧ ಆ ಬಾಗಿಲುಗಳ ಕೈಯಲ್ಲಿದೆ.

ಕರೆಯೋಲೆಯ ಬಗ್ಗೆ ನೀನು ಬರೆದ ಸಾಲನ್ನು ಎಷ್ಟೋ ಸಲ ಓದಿದೆ.

ಇನ್ನೊಂದು. ರಜೆಯಲ್ಲಿ ಕಾಯ್ಕಿಣಿಗೆ ಹೋದಾಗ ನಿನ್ನ ಕಾಗದವನ್ನು ಆಯಿಗೆ ಓದಿ ಹೇಳಿದೆ. ನನ್ನ ಹೆತ್ತ ಆಯಿ, ಮಹಾಲಕ್ಷ್ಮೀ, ನಿನಗೆ ಗೊತ್ತಲ್ಲ, ಮೀನಿನ ಹೆಸರು ಹೇಳಿದರೆ ಬಾಯಿ ಮುಕ್ಕಳಿಸುವವಳು. ಕೊನೆಯವರೆಗೂ ಕೇಳಿದಳು. ನಾನು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಆ ಡಾಕ್ಟರು ಹೆಂಗಸೇ ಅಲ್ದನೇ? ನಂಗೂ ಒಂದ್ಸಲ ತೋರ್ಸವಾಗಿತ್ತು. ಸೊಪ್ಪಿನ ಹೊರೆ ಹೊತ್ತಿದ್ದು ಸುಮ್ನೆ ಹೋಗ್ತಿಲ್ಲೆ ಕೂಸೇ" ಅಂದಳು.

ಶಾಂಭವಿ


ತೆಂಗಿನಗುಂಡಿ
೯ ನವೆಂಬರ್

ಶಾಂಭವಿ,

ತಡವಾಯಿತು, ಯುದ್ಧದಲ್ಲಿದ್ದೆ.

ನಿನ್ನ ಕಾಗದ ಓದಿದ ದಿನವೇ ದಕ್ಕೆಯಲ್ಲಿ ಸಭೆ. ಉಪ್ಪಿನ ಚೀಲದ ಮೇಲೆ ನಿಂತು ಭಾಷಣ ಶುರು ಮಾಡಿದೆ. ಎರಡು ಮಾತಿಗೇ ಲಕ್ಕಿ, "ಭಾಷಣ ಸಾಕು, ಇಳಿ ಕೆಳಗೆ. ಕೈ ಹಚ್ಚದ ಬಾಗ್ಲಿಗೆ ಮೀನು ಇಲ್ಲ. ಆತು ಅಲ್ದಾ?" ಅಂದಳು. ಆತು. ಅಷ್ಟೇ ನಿರ್ಣಯ. ಕೈ ಹಚ್ಚುವುದಾಗಿ ಮನೆಯವರು ಮೊದಲು ಬಾಯಿ ಬಿಟ್ಟು ಹೇಳಬೇಕು, ಆಮೇಲೇ ಬುಟ್ಟಿ ಇಳಿಯುವುದು.

ಮಾರನೇ ದಿನ ಬೆಳಿಗ್ಗೆ ಬಡಾವಣೆಗೆ ಎಲ್ಲರೂ ಒಟ್ಟಿಗೆ ಹೋದೆವು. ದಿನಕರ ಹೊರಗೆ ಬಂದು, "ಶೆಟ್ಲಿ ತಂದ್ಯಾ?" ಅಂದ. "ತಂದೆ ಒಡೆಯಾ. ಇಳ್ಸೂಕೆ ಬನ್ನಿ" ಅಂದಳು ಅಮ್ಮ. ಅವನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. "ನಾನೆಂತ ಹಮಾಲನಾ? ದುಡ್ಡು ಕೊಡೂದಿಲ್ವಾ ನಿಂಗೆ?" "ದುಡ್ಡು ಮೀನಿಗೆ. ನನ್ನ ಮೈಗೆ ಯಾರು ಕೊಡೂದು?" ಅವನು ಗೇಟು ಹಾಕಿಕೊಂಡ. ಬೈಕಿನಲ್ಲಿ ಮೀನು ತರುವ ಹುಡುಗರಿದ್ದಾರೆ, ಅವರಿಂದ ತಗೊಳ್ಳುತ್ತೇನೆ ಅಂದ.

ಮೊದಲ ವಾರ ಕಷ್ಟ. ತಾರ್ಲೆ ಮೀನು ಬುಟ್ಟಿಯಲ್ಲೇ ಉಳಿಯಿತು, ಒಣಗಿಸಿದೆವು. ಕೆಲವರ ಮನೆಯಲ್ಲಿ ಗಂಡಂದಿರು ಕೂಗಾಡಿದರು. ಆಗ ನಡೆದದ್ದು ನೋಡು: ಆ ಬೈಕಿನ ಹುಡುಗರು ಮೀನು ಎತ್ತುವುದು ನಮ್ಮದೇ ದಕ್ಕೆಯಿಂದ. ನನ್ನ ಅಪ್ಪ, ಸಭೆಯಲ್ಲಿ ಸಮುದ್ರ ನೋಡುತ್ತ ನಿಲ್ಲುವ ಆ ದಾಸ, ಎಂದೂ ತುಟಿ ಬಿಚ್ಚದವನು, ಹರಾಜಿನಲ್ಲಿ ಎದ್ದು, "ಬಡಾವಣೆಗೆ ಹೋಗೂ ಬೈಕಿಗೆ ನನ್ನ ಬೋಟಿನ ಮೀನಿಲ್ಲ" ಅಂದ. ಪಕ್ಕದ ಬೋಟಿನ ಜಗದೀಶ "ನಂದೂ ಇಲ್ಲ" ಅಂದ. ಅಮ್ಮ ಅವತ್ತು ಅಪ್ಪನಿಗೆ ಎರಡು ಬಂಗಡೆ ಜಾಸ್ತಿ ಹುರಿದಳು.

ಈಗ ಒಂದೊಂದೇ ಗೇಟು ತೆರೆಯುತ್ತಿದೆ. ಮೊದಲು ಬಂದವರು ಮನೆಯ ಸೊಸೆಯರು. ಕೈ ಹಚ್ಚುವಾಗ ಒಬ್ಬಳು ಅಮ್ಮನ ಕಿವಿಯಲ್ಲಿ ಡಾ. ಚಂದನಾ ಯಾವ ವಾರ ಸಿಗುತ್ತಾರೆಂದು ಕೇಳಿದಳಂತೆ. ಅಮ್ಮನಿಗೆ ಬಳೆ ಕೂರಿಸಿದ್ದು ಸರಿ ಬಂದಿದೆ. ದಿನಕರನ ಗೇಟು ಮಾತ್ರ ಹಾಕಿಯೇ ಇದೆ.

ಇನ್ನೊಂದು ಸಲ ಅಳೆಯೋಣ. ಬುಟ್ಟಿ ಉಳಿಯುತ್ತದೋ ಇಲ್ಲವೋ, ಗೊತ್ತಾಗಿಬಿಡಲಿ.

ಹೋರಾಟದ ನಡುವಿನಿಂದ,
ಸುಚಿತಾ


ಕುಮಟಾ
೨ ಡಿಸೆಂಬರ್

ಸುಚಿತಾ,

ಮೊನ್ನೆಯ ಗೆರೆ ಬಂತು. ಬಡಾವಣೆಯ ಬಾಗಿಲುಗಳಲ್ಲಿ ಮೊಳೆಗಳಿಲ್ಲ! ಓಣಿಯ ಅಜ್ಜಿಯ ಬಾಗಿಲಿನ ಹಾಗೇ ಸಣ್ಣಗೆ ಏರಿ ಇಳಿದಿವೆ.

ಆದರೆ ಒಂದು ಕಡೆಯನ್ನು ಮತ್ತೆ ಮತ್ತೆ ತೆಗೆದು ನೋಡಿದೆ. ಸುತ್ತಿನ ನಡುವೆ, ಬುಟ್ಟಿ ತಲೆಗೇರಿದ ಮೇಲೆ, ಗರಗಸದ ಹಲ್ಲಿನ ಹಾಗೆ ಒಂದರ ಹಿಂದೊಂದು ಎದ್ದಿವೆ. ಹಳೆಯ ಎಲ್ಲ ಮೊಳೆಗಳಿಗಿಂತ ಎತ್ತರ. ಇಂಥದ್ದನ್ನು ನಾನು ಇದುವರೆಗೆ ನೋಡಿಲ್ಲ. ತಿಮ್ಮಕ್ಕ ಬಿದ್ದಳಾ? ಬಳೆ ಜಾರಿತಾ? ಚಂದನಾ ಮೇಡಂಗೆ ಇನ್ನೂ ತೋರಿಸಿಲ್ಲ, ನಿನ್ನ ಮಾತು ಬರಲಿ ಅಂತ. ಇದು ಹೀಗೇ ಆಗುವುದಾದರೆ ಅವರು ಬುಟ್ಟಿ ಬಿಡು ಅಂದೇ ಅನ್ನುತ್ತಾರೆ.

ಬ್ಲಾಕ್ ತೆಗೆದು ಫೋನಾದರೂ ಮಾಡು, ಕೈಮುಗಿಯುತ್ತೇನೆ.

ಶಾಂಭವಿ


ತೆಂಗಿನಗುಂಡಿ
೫ ಡಿಸೆಂಬರ್

ಪ್ರೀತಿಯ ಶಾಂಭವಿ,

ಫೋನು ಮಾಡುವುದಿಲ್ಲ. ಇದನ್ನು ದಕ್ಕೆಯಲ್ಲಿ ಕೂತು, ಎಲ್ಲರೆದುರು ಬರೆಯುತ್ತಿದ್ದೇನೆ. ಲಕ್ಕಿ ನನ್ನ ಭುಜದ ಮೇಲೆ ಗದ್ದ ಊರಿಕೊಂಡು ಒಂದೊಂದು ಅಕ್ಷರ ಕಾಯುತ್ತಿದ್ದಾಳೆ, ಅವಳಿಗೆ ಓದಲು ಬರುವುದಿಲ್ಲ.

ಅಮ್ಮ ಬಿದ್ದಿಲ್ಲ. ಬಳೆ ಜಾರಿಲ್ಲ. ಅದು ದಿನಕರನ ಗೇಟು.

ಅವತ್ತು ನಾವು ಅವನ ಮನೆ ದಾಟಿ ಹೋಗುತ್ತಿದ್ದೆವು. ಗೇಟು ಕಿರ್ ಅಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬ್ಯಾಂಕಿಗೆ ಹೊರಟ ವೇಷ. ನೆಲ ನೋಡುತ್ತ, "ಶೆಟ್ಲಿ ಇದ್ಯಾ?" ಅಂದ. "ಇದ್ದು." "ಆಯ್ತು. ಎಲ್ಲಿ ಹಿಡೀಬೇಕು?" ಇಡೀ ಬೀದಿ ನಿಂತುಬಿಟ್ಟಿತು. ಅಮ್ಮ ಅಂಚು ತೋರಿಸಿದಳು. ಇಳಿಸುವುದು ಸಲೀಸಾಗಿ ಆಯಿತು. ಮೀನು ತಗೊಂಡ. ಎತ್ತುವಾಗ ತನ್ನ ಕಬ್ಬಿಣದ ಗುಂಡಿನ ನೆನಪಾಯಿತೋ ಏನೋ, ಗಲ್ಲ ಉಬ್ಬಿಸಿ, "ಹಾಂ!" ಅಂತ ತನ್ನ ಕಡೆಯನ್ನು ಒಂದೇ ಎತ್ತಿಗೆ ಎತ್ತಿಬಿಟ್ಟ. ಬುಟ್ಟಿ ಅಮ್ಮನ ತಲೆಗೇನೋ ಬಂತು. ಅಡಿಯಲ್ಲಿದ್ದ ಐಸಿನ ನೀರೆಲ್ಲ ಅವನ ಕಾಲರಿನೊಳಗೆ ಹೋಯಿತು. ಒಂದು ಶೆಟ್ಲಿ ಹಾರಿ ಅಂಗಿಯ ಜೇಬಿನೊಳಗೆ ಕೂತು ಮೀಸೆ ಹೊರಗೆ ಹಾಕಿತು.

ಮೊದಲು ನಕ್ಕಿದ್ದು ಅವನ ಹೆಂಡತಿ. ಆಮೇಲೆ ಅಮ್ಮ. ಬುಟ್ಟಿ ತಲೆಯ ಮೇಲಿದೆ, ಒಂದು ಕೈಯಲ್ಲಿ ಗೇಟು ಹಿಡಿದುಕೊಂಡಿದ್ದಾಳೆ, ನಗು ನಿಲ್ಲುವುದಿಲ್ಲ. "ಒಡೆಯಾ, ಬ್ಯಾಂಕಿಗೆ ಹೀಂಗೇ ಹೋಗಿ, ಲೈನು ಬೇಗ ಖಾಲಿ ಆತದೆ" ಅಂದಳು. ದಿನಕರ ಜೇಬಿನಿಂದ ಶೆಟ್ಲಿ ತೆಗೆದು ಎರಡು ಬೆರಳಲ್ಲಿ ಹಿಡಿದು ನೋಡಿದ, ಅವನಿಗೂ ತಡೆಯಲಾಗಲಿಲ್ಲ. ನನ್ನ ಅಮ್ಮ ಹಾಗೆ ನಕ್ಕಿದ್ದನ್ನು ನಾನು ಎಂದೂ ನೋಡಿರಲಿಲ್ಲ ಶಾಂಭವಿ. ಮೂರು ವರ್ಷ ಕೆಮ್ಮಲೂ ಹೆದರಿದವಳು.

ನಿನ್ನ ಗರಗಸದ ಹಲ್ಲು ಅದು. ನಗು!

ನಿನ್ನ ಕಾಗದ ಬಂದ ಕೂಡಲೇ ಚಂದನಾ ಮೇಡಂಗೆ ನಾನೇ ಫೋನು ಮಾಡಿ ಕೇಳಿದೆ. ಅವರೂ ನಕ್ಕರು. ನಗುವಾಗ ಒತ್ತಡ ಏರುವುದು ಹೌದಂತೆ, ಆದರೆ ಅಷ್ಟಕ್ಕೆ ಅಮ್ಮನ ಬಳೆ ಅಲುಗುವುದಿಲ್ಲವಂತೆ, ಮುಂದಿನ ತಿಂಗಳು ಬಂದು ನೋಡುತ್ತಾರಂತೆ. ಬುಟ್ಟಿಯ ವಿಷಯ ನಾನು ಕೇಳುವ ಮೊದಲೇ ಅಮ್ಮ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಮೇಡಂಗೆ ಹೇಳಿದ್ದನ್ನೇ ಈಗ ನಿನಗೂ ಬರೆಯಲು ಹೇಳುತ್ತಿದ್ದಾಳೆ, ಅವಳ ಮಾತಿನಲ್ಲೇ ಬರೆಯುತ್ತೇನೆ:

"ಬುಟ್ಟಿ ಬಿಡೂದಿಲ್ಲ ಮಗಾ. ಒಬ್ಳೇ ಎತ್ತೂದನ್ನ ಬಿಟ್ಟೆ."

ದಕ್ಕೆಯಿಂದ,
ಸುಚಿತಾ